ಪಾರ್ಕಿನಲ್ಲಿ ಸಿಕ್ಕಿಕೊಂಡ ಕಾರು

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಸೀಮೆಯನ್ನು ಬಲ್ಲವರಿಗೆ ಅಲ್ಲಿಯ ದಾರಿಗಳು ಎಷ್ಟು ಬಗೆಯವೆಂಬುದು ತಿಳಿದೇ ಇದೆ. ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣಗಳ ಕಡೆಯಿಂದಲೇ ಹೋಗುತ್ತದೆ. ಹುಣಸೂರಿನಿಂದ ಕುಟ್ಟಕ್ಕೂ, ಹೆಗ್ಗಡದೇವನಕೋಟೆಯಿಂದ ಬಾವಲಿಯ ಮಾರ್ಗವಾಗಿ ಮಾನಂದವಾಡಿಗೂ ಹೋಗುವ ರಸ್ತೆಗಳು ನಾಗರಹೊಳೆಯ ಕಾಡನ್ನು ಹೊಕ್ಕು ಹೊರಡುತ್ತವೆ. ಕೃಷ್ಣರಾಜನಗರದ ಸೀಮೆಯಲ್ಲಿ ಮೈಸೂರು–ಹಾಸನ ರೈಲುಮಾರ್ಗವಿದೆ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ಈ ಮೂರು ಹೊಳೆಗಳು ಮಳೆಗಾಲದಲ್ಲಿ ತುಂಬಿ ಹರಿಯುವುದೂ ಇಲ್ಲಿಯೇ. ಹೆದ್ದಾರಿ, ಕಾಡು, ಹಳಿ, ಹೊಳೆ ಈ ನಾಲ್ಕರಲ್ಲಿ ಯಾವುದೇ ಎಡೆಯಲ್ಲಾಗಲಿ ಕಾರೊಂದು ನಿಂತುಹೋಗಿ, ತಳ್ಳಿದರೂ ಕದಲದೆ ಹೋದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ತರುಣ ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಹಿಂದೆ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. ಕ್ಲಚ್ಚು ಇರುವ ಗಾಡಿಯಲ್ಲಿ ಕ್ಲಚ್ಚನ್ನು ತುಳಿದು ಗೇರಿನ ದಂಡವನ್ನು ನಡುವಿಗೆ ತಂದರೆ ಮುಗಿಯಿತು. ಗಾಡಿ ನ್ಯೂಟ್ರಲಿಗೆ ಬರುತ್ತದೆ, ನಾಲ್ವರು ಸೇರಿ ಅದನ್ನು ದಾರಿಯ ಅಂಚಿಗೆ ನೂಕಬಹುದು. ಆದರೆ ತಾನಾಗಿಯೇ ಗೇರು ಬದಲಿಸಿಕೊಳ್ಳುವ ಕಾರುಗಳು ಈಗ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿಯೂ ಕಾಣಬರುತ್ತಿವೆ. ಅವುಗಳ ಗೇರುದಂಡಕ್ಕೆ ಪಾರ್ಕ್ ಎಂಬ ಒಂದು ಸ್ಥಾನವುಂಟು. ಆ ಸ್ಥಾನದಲ್ಲಿ ದಂಡ ಸಿಕ್ಕಿಕೊಂಡರೆ ನಾಲ್ವರಲ್ಲ, ಎಂಟು ಜನ ತಳ್ಳಿದರೂ ಕಾರು ಅಲುಗುವುದಿಲ್ಲ. ಅದನ್ನು ಬಿಡಿಸುವ ಉಪಾಯವನ್ನು ಎಷ್ಟೋ ಕಾರುಗಳಲ್ಲಿ ತಯಾರಕರೇ ಅಳವಡಿಸಿದ್ದಾರೆ. ದಂಡದ ಪಕ್ಕದಲ್ಲಿಯೇ, ಒಂದು ಚಿಕ್ಕ ಮುಚ್ಚಳದ ಕೆಳಗೆ ಅದು ಇದೆ. ಕಾರನ್ನು ದಿನವೂ ಓಡಿಸುವವರಲ್ಲಿ ಬಹುಮಂದಿ ಆ ಮುಚ್ಚಳವನ್ನು ಕಂಡೂ ಕಂಡಿಲ್ಲ. ಈ ಅಜ್ಞಾನ ನೀಗಬೇಕೆಂಬುದೇ ಈ ಲೇಖನದ ಉದ್ದೇಶ.

ಅಗುಳಿಯ ಕೆಲಸ

ಮೊದಲು ಪಾರ್ಕ್ ಎಂದರೇನೆಂಬುದನ್ನು ನೋಡೋಣ. ಗೇರುಪೆಟ್ಟಿಗೆಯಿಂದ ಗಾಲಿಗಳಿಗೆ ತಿರುಗುಬಲವನ್ನು ಒಯ್ಯುವ ಅಚ್ಚಿನ ಮೇಲೆ ದಪ್ಪ ಹಲ್ಲುಗಳುಳ್ಳ ಒಂದು ಚಕ್ರವಿದೆ. ಅದರ ಪಕ್ಕದಲ್ಲಿ ಉಕ್ಕಿನ ಒಂದು ಕೊಕ್ಕೆಯಿದೆ. ದಂಡವನ್ನು ಪಾರ್ಕಿಗೆ ತಂದಾಗ ಆ ಕೊಕ್ಕೆ ಎರಡು ಹಲ್ಲುಗಳ ಸಂದಿಗೆ ಬಿದ್ದು ಅಚ್ಚು ತಿರುಗದಂತೆ ತಡೆಯುತ್ತದೆ. ಬಾಗಿಲಿಗೆ ಅಗುಳಿ ಹಾಕಿದಂತೆಯೇ ಇದೂ. ಬಾಗಿಲು ಎಷ್ಟು ಭಾರವಾಗಿದ್ದರೂ ಅಗುಳಿ ಚಿಕ್ಕದಾಗಿರಬಹುದಲ್ಲವೆ? ಹಾಗೆಯೇ ಬೆರಳುದ್ದದ ಈ ಕೊಕ್ಕೆ ಒಂದು ಸಾವಿರ ಕಿಲೋಗ್ರಾಂ ತೂಕದ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ನ್ಯೂಟ್ರಲಿನಲ್ಲಾದರೋ ಕೊಕ್ಕೆ ಹಲ್ಲುಗಳಿಂದ ಹೊರಕ್ಕೆ ಸರಿದಿರುತ್ತದೆ, ಎಂಜಿನ್ನಿಗೂ ಗಾಲಿಗಳಿಗೂ ಸಂಬಂಧ ಕಡಿದಿರುತ್ತದೆ. ಆಗ ಗಾಲಿಗಳು ಸ್ವತಂತ್ರ.

ಇವೆರಡರ ವ್ಯತ್ಯಾಸವನ್ನು ಲೆಕ್ಕದಿಂದಲೇ ಕಾಣಬಹುದು. ಗಟ್ಟಿಯಾದ, ಸಮತಲದ ಡಾಂಬರು ರಸ್ತೆಯಲ್ಲಿ ಉರುಳುವ ಗಾಲಿಯ ಪ್ರತಿರೋಧ ಗಾಡಿಯ ಭಾರದ ನೂರರಲ್ಲಿ ಒಂದೂವರೆ ಭಾಗದಷ್ಟು. ಎಂದರೆ 1000 ಕಿಲೋಗ್ರಾಂ ಕಾರನ್ನು ನ್ಯೂಟ್ರಲಿನಲ್ಲಿ ನೂಕಲು ಸುಮಾರು 15 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಸಾಕು. ಒಬ್ಬ ಕಾಲೇಜು ವಿದ್ಯಾರ್ಥಿ ಒಬ್ಬನೇ ಅದನ್ನು ಕದಲಿಸಬಲ್ಲ. ಪಾರ್ಕಿನಲ್ಲಿರುವಾಗಲಾದರೋ ಮುಂದಿನ ಎರಡು ಗಾಲಿಗಳು ತಿರುಗದೆ ರಸ್ತೆಯ ಮೇಲೆ ಉಜ್ಜಿಕೊಂಡು ಜಾರಬೇಕು. ಆ ಗಾಲಿಗಳ ಮೇಲೆ 600 ಕಿಲೋಗ್ರಾಂ ಭಾರವಿದ್ದು, ಒಣರಸ್ತೆಯ ಘರ್ಷಣಾಂಕ 0.7 ಎಂದಿಟ್ಟುಕೊಂಡರೆ, ಬೇಕಾಗುವ ಬಲ 420 ಕಿಲೋಗ್ರಾಂ ಭಾರದಷ್ಟಾಗುತ್ತದೆ. ಹದಿನೈದಕ್ಕೂ ನಾನೂರಿಪ್ಪತ್ತಕ್ಕೂ ಇರುವ ಅಂತರವೇ ನಮ್ಮ ವಿಷಯದ ತಿರುಳು. ಆಪತ್ತಿನ ಗಳಿಗೆಯಲ್ಲಿ ತೋಳ್ಬಲವನ್ನು ಕೂಡಿಸುವುದಕ್ಕಿಂತ ಅಗುಳಿಯನ್ನು ತೆಗೆಯುವುದೇ ಜಾಣತನ.

ಬೀಗ ಬಂದದ್ದು ಹೇಗೆ?

ಹಾಗಾದರೆ ದಂಡವನ್ನು ಎಳೆದು ನ್ಯೂಟ್ರಲಿಗೆ ತರಬಾರದೇಕೆ ಎಂದು ವಾಚಕರು ಕೇಳಬಹುದು. ತರಗೊಡದಂತೆ ತಡೆಯುವ ಬೀಗವೊಂದು ದಂಡಕ್ಕೆ ಇದೆ. ಅದಕ್ಕೂ ಒಂದು ಇತಿಹಾಸವುಂಟು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಹೈಡ್ರಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಹೊರತಂದಾಗ ಇಂಥ ಬೀಗವಿರಲಿಲ್ಲ. 1980ರ ದಶಕದಲ್ಲಿ ಆ ದೇಶದಲ್ಲಿ ಆಡಿ 5000 ಕಾರುಗಳು ಪಾರ್ಕಿನಿಂದ ದಂಡ ಸರಿಸಿದೊಡನೆ ತಾವಾಗಿಯೇ ನುಗ್ಗುತ್ತವೆಂಬ ದೂರುಗಳೆದ್ದವು. ಅಲ್ಲಿಯ ಹೆದ್ದಾರಿ ಸುರಕ್ಷತಾ ಇಲಾಖೆ ಪರೀಕ್ಷಿಸಿ, ಬಹುಪಾಲು ಪ್ರಸಂಗಗಳಲ್ಲಿ ಚಾಲಕರು ಬ್ರೇಕೆಂದು ಭಾವಿಸಿ ವೇಗದ ಪೆಡಲನ್ನೇ ತುಳಿದಿದ್ದರೆಂದು 1989ರಲ್ಲಿ ವರದಿಮಾಡಿತು. ಬ್ರೇಕನ್ನು ತುಳಿಯದ ಹೊರತು ದಂಡ ಪಾರ್ಕಿನಿಂದ ಹೊರಡದಂತೆ ಮಾಡಿದರೆ ಈ ತಪ್ಪು ತಪ್ಪುತ್ತದಲ್ಲವೆ? ಹೀಗೆ ಬೀಗ ಹುಟ್ಟಿ ಬೇರೆ ಕಾರುಗಳಿಗೂ ಹಬ್ಬಿತು. 2008ರಲ್ಲಿ ಅಮೆರಿಕ ಅದನ್ನು ಶಾಸನದಿಂದಲೇ ಕಡ್ಡಾಯಗೊಳಿಸಿತು. ಆಟವಾಡುವ ಮಗು ದಂಡವನ್ನು ಎಳೆದು ಕಾರು ಉರುಳದಿರಲೆಂಬುದು ಆ ಶಾಸನದ ಆಶಯ.

ಬೀಗದ ರಚನೆ ಸರಳವಾದುದು. ಬ್ರೇಕನ್ನು ತುಳಿದಾಗ ಹಿಂದಿನ ಕೆಂಪು ದೀಪವನ್ನು ಹೊತ್ತಿಸುವ ಗುಂಡಿಯೇ ಒಂದು ತಂತಿಸುರುಳಿಗೂ ಸುದ್ದಿ ಮುಟ್ಟಿಸುತ್ತದೆ. ವಿದ್ಯುತ್ತು ಹರಿದೊಡನೆ ಆ ಸುರುಳಿ ವಿದ್ಯುತ್ಕಾಂತವಾಗಿ, ದಂಡವನ್ನು ತಡೆದಿದ್ದ ಕಡ್ಡಿಯನ್ನು ಸರಿಸುತ್ತದೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು: ಬೀಗ ತೆರೆಯಲು ವಿದ್ಯುತ್ತು ಬೇಕು, ಮುಚ್ಚಿಕೊಂಡಿರಲು ಏನೂ ಬೇಡ. ಆದುದರಿಂದಲೇ ಬ್ಯಾಟರಿ ಸತ್ತ ಗಾಡಿಯಲ್ಲಿ ಬೀಗ ತೆರೆಯುವುದಿಲ್ಲ.

ಕಾರಣವನ್ನು ಗುರುತಿಸುವ ಬಗೆ

ದಂಡ ಪಾರ್ಕಿನಲ್ಲಿ ಸಿಕ್ಕಿಕೊಳ್ಳಲು ಸಾಮಾನ್ಯವಾಗಿ ಮೂರು ಕಾರಣಗಳು. ಬ್ಯಾಟರಿ ಬರಿದಾಗಿರುವುದು ಮೊದಲನೆಯದು. ಬ್ರೇಕ್ ದೀಪದ ಫ್ಯೂಸಾಗಲಿ ಗುಂಡಿಯಾಗಲಿ ಕೆಟ್ಟಿರುವುದು ಎರಡನೆಯದು. ಇಳಿಜಾರಿನಲ್ಲಿ ನಿಂತ ಕಾರಿನ ಭಾರವೆಲ್ಲ ಕೊಕ್ಕೆಯ ಮೇಲೆ ಬಿದ್ದು, ಕೊಕ್ಕೆ ಹಲ್ಲುಗಳ ನಡುವೆ ಬಿಗಿದುಕೊಂಡಿರುವುದು ಮೂರನೆಯದು. ಇವುಗಳಲ್ಲಿ ಯಾವುದೆಂದು ತಿಳಿಯಲು ಉಪಕರಣಗಳು ಬೇಡ. ಹಾರನ್ನನ್ನು ಒತ್ತಿ ನೋಡಿರಿ. ಸದ್ದೂ ಇಲ್ಲದೆ, ಮುಂದಿನ ಫಲಕದ ದೀಪಗಳೂ ಹೊತ್ತದಿದ್ದರೆ ಬ್ಯಾಟರಿಯೇ ಕಾರಣ. ಹಾರನ್ನು ಮೊಳಗಿ, ಬ್ರೇಕನ್ನು ತುಳಿದಾಗ ಹಿಂದಿನ ಕೆಂಪು ದೀಪ ಮಾತ್ರ ಹೊತ್ತದಿದ್ದರೆ ದೋಷ ಫ್ಯೂಸಿನಲ್ಲೋ ಗುಂಡಿಯಲ್ಲೋ ಇರುವ ಸಂಭವ ಹೆಚ್ಚು. ಎಲ್ಲವೂ ಸರಿಯಿದ್ದು ಗಾಡಿ ಇಳಿಜಾರಿನಲ್ಲಿದ್ದರೆ ಮೂರನೆಯ ಕಾರಣವನ್ನು ಶಂಕಿಸಬೇಕು.

ಮೂರನೆಯದಕ್ಕೆ ಪರಿಹಾರ ಸುಲಭ. ಒಬ್ಬರು ಬ್ರೇಕನ್ನು ತುಳಿದು ದಂಡವನ್ನು ಹಿಡಿದಿರಲಿ. ಹೊರಗಿನವರು, ಕಾರು ಉರುಳಬಹುದಾದ ಕಡೆ ನಿಲ್ಲದೆ, ಪಕ್ಕದಿಂದ ಅದನ್ನು ಏರಿನ ಕಡೆಗೆ ಒತ್ತಿ ಹಿಡಿಯಲಿ. ಒಳಗಿನವರು ಬ್ರೇಕನ್ನು ಒಂದಿಷ್ಟು ಸಡಿಲಿಸಿದೊಡನೆ ಗಾಡಿ ಕೂದಲೆಳೆಯಷ್ಟು ಹಿಂಜರಿದು ಕೊಕ್ಕೆಯ ಬಿಗಿ ಬಿಡುತ್ತದೆ. ಆಗ ದಂಡವನ್ನು ಸರಿಸಿ ಬ್ರೇಕನ್ನು ಮತ್ತೆ ಬಿಗಿಯಾಗಿ ತುಳಿಯಬೇಕು. ಈ ತೊಂದರೆ ಬಾರದಂತೆ ಮಾಡುವುದು ಇನ್ನೂ ಸುಲಭ. ಗಾಡಿಯನ್ನು ನಿಲ್ಲಿಸುವಾಗ ಮೊದಲು ಕೈಬ್ರೇಕನ್ನು ಎಳೆದು, ಭಾರ ಅದರ ಮೇಲೆ ಕೂತ ಬಳಿಕ ದಂಡವನ್ನು ಪಾರ್ಕಿಗೆ ತರಬೇಕು. ಎತ್ತಿನ ಗಾಡಿಯವರು ಏರಿನಲ್ಲಿ ಗಾಲಿಗೆ ಕಲ್ಲು ಕೊಟ್ಟ ಮೇಲೆಯೇ ಎತ್ತಿನ ಕೊರಳು ಬಿಚ್ಚುತ್ತಿದ್ದುದು ಇದೇ ತತ್ತ್ವದಿಂದ.

ಬಿಡಿಸುವ ಕ್ರಮ

ಮೊದಲೆರಡು ಕಾರಣಗಳಿಗೆ ಆ ಚಿಕ್ಕ ಮುಚ್ಚಳವೇ ಗತಿ. ಕ್ರಮವನ್ನು ಹೇಳುತ್ತೇವೆ, ಕ್ರಮ ತಪ್ಪಿದರೆ ಉಪಕಾರಕ್ಕೆ ಬದಲು ಅಪಾಯವಾದೀತು.

ಕೈಬ್ರೇಕನ್ನು ಪೂರ್ತಿಯಾಗಿ ಎಳೆಯಬೇಕು. ಹೊರಗಿಳಿಯುವುದು ಕ್ಷೇಮವಾಗಿದ್ದರೆ ಇಳಿಜಾರಿನ ಕಡೆಯಿಂದ ಗಾಲಿಗಳಿಗೆ ಕಲ್ಲು ಕೊಡಬೇಕು. ಚಾಲಕರು ಆಸನದಲ್ಲಿ ಕುಳಿತು, ಬೀಗದಕೈಯನ್ನು ತಿರುಗಿಸಿ, ಎಂಜಿನ್ನು ಹೊತ್ತದಿದ್ದರೂ ಆನ್ ಸ್ಥಾನದಲ್ಲಿಯೇ ಬಿಡಬೇಕು. ಕೈಯನ್ನು ತೆಗೆದರೆ ಸ್ಟಿಯರಿಂಗು ಬಿಗಿದುಕೊಳ್ಳಬಹುದು. ಬ್ರೇಕನ್ನು ಬಲವಾಗಿ ತುಳಿದುಕೊಂಡೇ ದಂಡದ ಪಕ್ಕದ ಮುಚ್ಚಳವನ್ನು ತೆಗೆದು, ಒಳಗಿನ ಗುಂಡಿಯನ್ನು ಚಪ್ಪಟೆ ತಿರುಪುಳಿಯಿಂದ ಅದುಮಿ ಹಿಡಿದು, ದಂಡವನ್ನು ನ್ಯೂಟ್ರಲಿಗೆ ಸರಿಸಬೇಕು. ಆ ಬಳಿಕವೇ ಕಲ್ಲು ತೆಗೆದು, ಕೈಬ್ರೇಕು ಇಳಿಸಿ, ಕಾಲನ್ನು ನಿಧಾನವಾಗಿ ಸಡಿಲಿಸುವುದು. ತಳ್ಳುವವರು ಹಿಂದೆ ಅಥವಾ ಪಕ್ಕದಲ್ಲಿರಬೇಕು. ಕಾರು ಉರುಳಬಹುದಾದ ಕಡೆ ಯಾರೂ ನಿಲ್ಲಬಾರದು. ಎಂಜಿನ್ನು ನಿಂತ ಕಾರಿನಲ್ಲಿ ಬ್ರೇಕಿಗೆ ದೊರೆಯುವ ನಿರ್ವಾತದ ನೆರವು ಎರಡು ಮೂರು ಸಲ ತುಳಿಯುವುದರೊಳಗೆ ಮುಗಿದು ಪೆಡಲು ಗಟ್ಟಿಯಾಗುತ್ತದೆ; ಸ್ಟಿಯರಿಂಗೂ ಭಾರವಾಗುತ್ತದೆ. ಇವು ಕೆಟ್ಟಿವೆಯೆಂದು ಹೆದರಬೇಕಾಗಿಲ್ಲ, ಹೆಚ್ಚಿನ ಬಲ ಹಾಕಬೇಕಷ್ಟೆ. ಕ್ಷೇಮವಾದ ಎಡೆಗೆ ಬಂದೊಡನೆ ಕೈಬ್ರೇಕನ್ನು ಎಳೆದು ದಂಡವನ್ನು ಪಾರ್ಕಿಗೆ ಹಿಂತಿರುಗಿಸಬೇಕು.

ಎಲ್ಲ ಕಾರುಗಳೂ ಒಂದೇ ಬಗೆಯವಲ್ಲ. ಕೆಲವು ಹೊಸ ಕಾರುಗಳಲ್ಲಿ ದಂಡದ ಬದಲು ಗುಂಡಿಗಳೋ ತಿರುಗುಬಿಲ್ಲೆಯೋ ಇದ್ದು, ಆಜ್ಞೆ ತಂತಿಯ ಮೂಲಕವೇ ಗೇರುಪೆಟ್ಟಿಗೆಗೆ ಹೋಗುತ್ತದೆ. ಅಂಥವುಗಳಲ್ಲಿ ಬೇರೊಂದು ಬ್ಯಾಟರಿಯಿಂದ ವಿದ್ಯುತ್ತು ಕೊಡುವುದೇ ಮೊದಲ ದಾರಿ. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿ ಸುಜುಕಿಯ ಸೆಲೆರಿಯೋದಿಂದ ಜನಪ್ರಿಯವಾದ ಅಗ್ಗದ ಬಗೆಯ ಸ್ವಯಂಚಾಲಿತ ಗೇರು ಇನ್ನೊಂದು ರೀತಿಯದು. ಅದರಲ್ಲಿ ಪಾರ್ಕ್ ಸ್ಥಾನವೇ ಇಲ್ಲ. ಗಾಡಿಯನ್ನು ಗೇರಿನಲ್ಲಿಯೇ ನಿಲ್ಲಿಸುತ್ತಾರೆ. ಆಗ ಬ್ಯಾಟರಿ ಸತ್ತರೆ ಗೇರು ಬಿಡಿಸಿಕೊಳ್ಳದೆ ಕಾರು ಹಾಗೆಯೇ ನಿಲ್ಲುತ್ತದೆ. ನಮ್ಮ ಮನೆಯ ಕಾರು ಯಾವ ಬಗೆಯದೆಂಬುದನ್ನು ಆಪತ್ತು ಬರುವ ಮೊದಲೇ ತಿಳಿದಿರಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಹಳಿಯ ಮೇಲೆ, ಕಾಡಿನಲ್ಲಿ, ನೀರಿನಲ್ಲಿ

ಓಡುತ್ತಿದ್ದ ಕಾರು ಪಾರ್ಕಿನಲ್ಲಿ ಸಿಕ್ಕಿಕೊಳ್ಳುವುದಾದರೂ ಹೇಗೆ ಎಂದು ಕೆಲವರು ಶಂಕಿಸಬಹುದು. ಹೀಗೆ: ಸ್ವಯಂಚಾಲಿತ ಗೇರಿನ ಕಾರಿನ ಎಂಜಿನ್ನು ಪಾರ್ಕಿನಲ್ಲಿ ಅಥವಾ ನ್ಯೂಟ್ರಲಿನಲ್ಲಿ ಮಾತ್ರ ಹೊತ್ತುತ್ತದೆ. ದಾರಿಯ ನಡುವೆ ಎಂಜಿನ್ನು ನಿಂತೊಡನೆ ಚಾಲಕರು ಅಭ್ಯಾಸಬಲದಿಂದ ದಂಡವನ್ನು ಪಾರ್ಕಿಗೆ ತಂದು ಮತ್ತೆ ಹೊತ್ತಿಸಲು ಯತ್ನಿಸುತ್ತಾರೆ. ಬ್ಯಾಟರಿಗೆ ಆ ಶಕ್ತಿಯಿಲ್ಲದಿದ್ದರೆ ಇರುವ ಅಲ್ಪಸ್ವಲ್ಪ ವಿದ್ಯುತ್ತೂ ತೀರಿ ಬೀಗ ಬಿದ್ದುಹೋಗುತ್ತದೆ. ಎಂದರೆ ಅಗುಳಿಯನ್ನು ಹಾಕಿದವರು ನಾವೇ. ಹಳಿಯ ಮೇಲಾಗಲಿ ಹೆದ್ದಾರಿಯ ನಡುವೆಯಾಗಲಿ ಎಂಜಿನ್ನು ನಿಂತರೆ ದಂಡವನ್ನು ಪಾರ್ಕಿಗಲ್ಲ, ನ್ಯೂಟ್ರಲಿಗೆ ತಂದು, ಬ್ರೇಕನ್ನು ತುಳಿದುಕೊಂಡು ಹೊತ್ತಿಸಿ ನೋಡಬೇಕು. ಹೊತ್ತದಿದ್ದರೆ ಕೂಡಲೇ ನೂಕಬಹುದು. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ವಾಚಕರು ಇದನ್ನು ನೆನಪಿಡಲಿ.

ಕಾವಲಿಲ್ಲದ ರೈಲ್ವೆ ಗೇಟುಗಳನ್ನು ನಮ್ಮ ಬ್ರಾಡ್‌ಗೇಜ್ ಮಾರ್ಗಗಳಲ್ಲಿ 2019ರ ಜನವರಿಯ ವೇಳೆಗೆ ತೆಗೆದುಹಾಕಲಾಯಿತು. ಕಾವಲಿರುವವು ದೇಶದಲ್ಲಿ ಇನ್ನೂ ಸಾವಿರಾರು ಇವೆ. ಗಂಟೆಗೆ 90 ಕಿಲೋಮೀಟರ್ ವೇಗದ ರೈಲುಗಾಡಿ ಒಂದು ಸೆಕೆಂಡಿಗೆ 25 ಮೀಟರ್, ಒಂದು ನಿಮಿಷಕ್ಕೆ ಒಂದೂವರೆ ಕಿಲೋಮೀಟರ್ ಸಾಗುತ್ತದೆ. ಬ್ರೇಕು ಹಾಕಿದರೂ ಅದು ಥಟ್ಟನೆ ನಿಲ್ಲಲಾರದು. ಆದುದರಿಂದ ಹಳಿಯ ಮೇಲೆ ಕಾರು ನಿಂತರೆ ಮೊದಲು ಎಲ್ಲರೂ ಇಳಿದು ಹಳಿಯಿಂದ ದೂರ ಸರಿಯಬೇಕು. ಮರುಗಳಿಗೆಯೇ ಗೇಟಿನ ಕಾವಲುಗಾರರಿಗೆ ತಿಳಿಸಬೇಕು. ರೈಲನ್ನು ತಡೆಯುವ ಸಂಕೇತಗಳು ಅವರ ಕೈಯಲ್ಲಿವೆ. ರೈಲು ಬರುತ್ತಿಲ್ಲವೆಂದು ಅವರು ಖಚಿತಪಡಿಸಿದ ಬಳಿಕವೇ ಮುಚ್ಚಳದ ಕೆಲಸ. ಕಾರಿನ ಬೆಲೆ ಎಷ್ಟೇ ಆಗಲಿ, ಅದು ಒಂದು ಜೀವದ ಬೆಲೆಗೆ ಸಮನಲ್ಲ.

ಕಾಡಿನಲ್ಲಿ ನಿಯಮ ತಿರುವುಮುರುವಾಗುತ್ತದೆ. ನಾಗರಹೊಳೆಯ ರಸ್ತೆಗಳಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಹಗಲಿನಲ್ಲಿಯೂ ಗಾಡಿ ನಿಲ್ಲಿಸುವುದಾಗಲಿ ಇಳಿಯುವುದಾಗಲಿ ಸಲ್ಲದು. ಆನೆಯ ಹಿಂಡು ದಾಟಲೆಂದು ಕಾದು ನಿಂತ ಕಾರು ಮತ್ತೆ ಹೊತ್ತದೆ ಹೋದರೆ ಇಳಿದು ತಳ್ಳುವುದು ಅವಿವೇಕ. ಇಲ್ಲಿ ಈ ಮುಚ್ಚಳದ ಗುಣ ಗೊತ್ತಾಗುತ್ತದೆ: ಅದು ಕಾರಿನ ಒಳಗಿದೆ. ಕುಳಿತಲ್ಲಿಂದಲೇ ನ್ಯೂಟ್ರಲಿಗೆ ತಂದರೆ, ಇಳಿಜಾರು ಅನುಕೂಲವಾಗಿದ್ದಲ್ಲಿ ಬ್ರೇಕಿನ ಹತೋಟಿಯಲ್ಲಿ ಸ್ವಲ್ಪ ದೂರ ಸಾಗಬಹುದು. ಇಲ್ಲವೆ, ಹಿಂದಿನಿಂದ ಬಂದ ಅರಣ್ಯ ಇಲಾಖೆಯ ಜೀಪು ಹಗ್ಗ ಕಟ್ಟಿ ಎಳೆಯಬಹುದು. ಆದರೆ ಎಳೆಯುವ ದೂರ ಅಲ್ಪವಾಗಿರಬೇಕು. ಎಂಜಿನ್ನು ನಿಂತಾಗ ಗೇರುಪೆಟ್ಟಿಗೆಯ ಎಣ್ಣೆಯ ಪಂಪೂ ನಿಂತಿರುತ್ತದೆ. ಗಾಲಿಗಳು ನೆಲದ ಮೇಲೆ ಬಹುದೂರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಸವೆದು ಸುಟ್ಟುಹೋಗುತ್ತವೆ.

ನೀರಿನ ವಿಷಯದಲ್ಲಾದರೋ ನ್ಯೂಟ್ರಲನ್ನು ನಂಬಲಾಗದು. ಆರ್ಕಿಮಿಡೀಸನ ತತ್ತ್ವವನ್ನು ಪ್ರೌಢಶಾಲೆಯಲ್ಲಿ ಓದಿದವರು ಈ ಲೆಕ್ಕವನ್ನು ತಾವೇ ಮಾಡಬಹುದು. ಕಾರಿನ ತಳ 4 ಮೀಟರ್ ಉದ್ದ, 1.6 ಮೀಟರ್ ಅಗಲ, ವಿಸ್ತೀರ್ಣ 6.4 ಚದರ ಮೀಟರ್. 1000 ಕಿಲೋಗ್ರಾಂ ಕಾರು ತೇಲಲು ಒಂದು ಘನಮೀಟರ್ ನೀರನ್ನು ಸರಿಸಿದರೆ ಸಾಕು. ಅದಕ್ಕೆ ತಳದ ಮೇಲೆ ಸುಮಾರು 16 ಸೆಂಟಿಮೀಟರ್ ನೀರೇರಬೇಕು. ನೆಲದಿಂದ ತಳಕ್ಕಿರುವ 17 ಸೆಂಟಿಮೀಟರನ್ನು ಕೂಡಿಸಿದರೆ ಒಟ್ಟು 33. ಎಂದರೆ ಮೊಣಕಾಲನ್ನೂ ಮುಟ್ಟದ ನೀರು, ಒಳಕ್ಕೆ ನುಗ್ಗುವ ಮುನ್ನ, ಸಣ್ಣ ಕಾರನ್ನು ನೆಲದಿಂದ ಎತ್ತಬಲ್ಲದು! ಕಬಿನಿಯಿಂದ ಮಳೆಗಾಲದಲ್ಲಿ ನೀರು ಬಿಟ್ಟಾಗ ಮುಳುಗಿದ ಸೇತುವೆಯನ್ನು ದಾಟಲು ಹೋಗುವವರಿಗೆ ಯಾವ ಗುಂಡಿಯೂ ನೆರವಾಗದು. ಅಲ್ಲಿ ಒಂದೇ ವಿದ್ಯೆ, ಹಿಂತಿರುಗುವುದು.

ಎರಡು ಆಕ್ಷೇಪಗಳು

ಇಂಥ ವಿಷಯವನ್ನು ವಿದ್ಯಾರ್ಥಿಗಳಿಗೆ ಹೇಳುವುದು ಅಪಾಯವೆಂದು ಹಿರಿಯರು ಕೆಲವರು ಹೇಳಿಯಾರು. ಬೀಗವನ್ನು ಇಟ್ಟಿರುವುದೇ ಸುರಕ್ಷತೆಗಾಗಿ. ಅದನ್ನು ಬಿಡಿಸುವ ಉಪಾಯವನ್ನು ಎಲ್ಲರಿಗೂ ಸಾರಿದರೆ ಕಾರುಗಳು ಉರುಳಿ ಅನಾಹುತವಾಗದೆ? ಈ ಆಕ್ಷೇಪ ಹುರುಳಿಲ್ಲದ್ದೇನೂ ಅಲ್ಲ. ಉರುಳುವ ಕಾರು ಕೊಲ್ಲಬಲ್ಲದು. 2016ರ ಜೂನ್ 19ರಂದು ಲಾಸ್ ಏಂಜಲೀಸಿನಲ್ಲಿ ಆಂಟನ್ ಯೆಲ್ಚಿನ್ ಎಂಬ ಚಲನಚಿತ್ರ ನಟರು, ತಮ್ಮ ಮನೆಯ ಇಳಿಜಾರು ದಾರಿಯಲ್ಲಿ ಉರುಳಿಬಂದ ತಮ್ಮದೇ ಜೀಪ್ ಗ್ರ್ಯಾಂಡ್ ಚೆರೋಕಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿ ಮಡಿದರು. ಆ ಮಾದರಿಯ ಗೇರುದಂಡ ಪ್ರತಿಸಲವೂ ನಡುವಿಗೇ ಮರಳುತ್ತಿದ್ದುದರಿಂದ ಗಾಡಿ ಪಾರ್ಕಿನಲ್ಲಿದೆಯೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಇದೇ ಕಾರಣಕ್ಕಾಗಿ ತಯಾರಕರು ಅದೇ ಏಪ್ರಿಲಿನಲ್ಲಿ 11 ಲಕ್ಷ ವಾಹನಗಳನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕರೆದಿದ್ದರು. ಆದರೆ ಈ ದುರಂತ ಕಲಿಸುವುದು ಏನನ್ನು? ಪಾರ್ಕ್ ಎಂಬುದು ಏನೆಂದು, ಅದು ಬಿದ್ದಿದೆಯೋ ಇಲ್ಲವೋ ಎಂದು ತಿಳಿಯದಿರುವುದೇ ಅಪಾಯ ಎಂಬುದನ್ನು. ಕೈಬ್ರೇಕನ್ನು ಎಳೆಯದೆ ಇಳಿಯಬಾರದೆಂಬ ಪಾಠವೂ ಇದರಲ್ಲಿದೆ. ಅರೆತಿಳಿವಿಗೆ ಮದ್ದು ಪೂರ್ಣ ತಿಳಿವೇ ಹೊರತು ಮೌನವಲ್ಲ.

ದೂರವಾಣಿಯಲ್ಲಿ ಕರೆದರೆ ಮೆಕ್ಯಾನಿಕ್ ಬರುವಾಗ ನಮಗೇಕೆ ಈ ಗೊಡವೆ ಎಂಬುದು ಎರಡನೆಯ ಆಕ್ಷೇಪ. ಪೇಟೆಯ ಬೀದಿಯಲ್ಲಿ ಇದು ಸರಿ. ಆದರೆ ಕಾಡಿನ ದಾರಿಯಲ್ಲಿ ದೂರವಾಣಿ ಕೆಲಸಮಾಡದ ಎಡೆಗಳುಂಟು. ಹೆದ್ದಾರಿಯ ತಿರುವಿನಲ್ಲಿ ಕತ್ತಲೆಯಲ್ಲಿ ನಿಂತ ಕಾರಿಗೆ ಹಿಂದಿನಿಂದ ಬರುವ ಲಾರಿ ಮೆಕ್ಯಾನಿಕ್ ಬರುವ ತನಕ ಕಾಯುವುದಿಲ್ಲ. ಗಳಿಗೆಗಳ ಲೆಕ್ಕವಿರುವ ಕಡೆ ಬೇರೊಬ್ಬರ ತಿಳಿವಳಿಕೆ ನಮಗೆ ಒದಗದು.

ನಮ್ಮ ಅಭಿಪ್ರಾಯ

ನಮ್ಮ ಚಾಲನಾ ಪರೀಕ್ಷೆಯಲ್ಲಿ ಗಾಡಿಯನ್ನು ಓಡಿಸಿ ತೋರಿಸಬೇಕೇ ಹೊರತು, ಕೆಟ್ಟು ನಿಂತ ಗಾಡಿಯನ್ನು ನ್ಯೂಟ್ರಲಿಗೆ ತಂದು ತೋರಿಸಬೇಕಾಗಿಲ್ಲ. ಕ್ಲಚ್ಚಿನ ಕಾರಿನಲ್ಲಿ ಕಲಿತವರು ಮರುದಿನವೇ, ಯಾವ ಹೊಸ ಪಾಠವೂ ಇಲ್ಲದೆ, ಸ್ವಯಂಚಾಲಿತ ಕಾರನ್ನು ಹತ್ತಬಹುದು. ಇದು ತಕ್ಕುದಲ್ಲವೆಂದು ನಾವು ಭಾವಿಸುತ್ತೇವೆ. ಚಾಲನಾ ಶಾಲೆಗಳು ಅರ್ಧಗಂಟೆಯನ್ನು ಈ ಪಾಠಕ್ಕೆ ಮೀಸಲಿಡಲಿ. ತಯಾರಕರು ಬೀಗ ಬಿಡಿಸುವ ಕ್ರಮವನ್ನು ನಾಲ್ಕು ಸಾಲಿನಲ್ಲಿ, ಕನ್ನಡದಲ್ಲಿ ಮುದ್ರಿಸಿ, ಚಾಲಕರ ಕಣ್ಣಿಗೆ ಬೀಳುವಲ್ಲಿ ಅಂಟಿಸಲಿ. ದಪ್ಪ ಕೈಪಿಡಿಯ ಯಾವುದೋ ಪುಟದಲ್ಲಿ ಇಂಗ್ಲಿಷಿನಲ್ಲಿ ಅಡಗಿರುವ ಸೂಚನೆ ಕತ್ತಲೆಯಲ್ಲಿ ನಡುಗುವ ಕೈಗೆ ಸಿಗುವುದಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಕೆಲಸವನ್ನು ಸೂಚಿಸುತ್ತೇವೆ. ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂಥ ಕಾರಿದ್ದರೆ, ಮುಂದಿನ ಭಾನುವಾರ ಅದರ ಕೈಪಿಡಿಯನ್ನು ತೆರೆದು ಈ ಪುಟವನ್ನು ಹುಡುಕಿರಿ. ಸಮತಲವಾದ ನೆಲದ ಮೇಲೆ, ಕೈಬ್ರೇಕನ್ನು ಎಳೆದು, ಗಾಲಿಗಳ ಹಿಂದೆಯೂ ಮುಂದೆಯೂ ಕಲ್ಲಿಟ್ಟು, ಪರವಾನಗಿಯುಳ್ಳ ಹಿರಿಯರನ್ನು ಆಸನದಲ್ಲಿ ಕೂರಿಸಿ, ಎಂಜಿನ್ನು ಹೊತ್ತಿಸದೆ ಒಮ್ಮೆ ಬಿಡಿಸಿ ನೋಡಿರಿ. ಹಲ್ಲುಚಕ್ರ, ವಿದ್ಯುತ್ಕಾಂತ, ಘರ್ಷಣೆ ಇವೆಲ್ಲ ನಿಮ್ಮ ಪಠ್ಯಪುಸ್ತಕದಲ್ಲಿವೆ. ಒಂದೇ ಗಾಡಿಯಲ್ಲಿ ಈ ಮೂರೂ ಕೆಲಸಮಾಡುತ್ತವೆಂಬುದನ್ನು ಅಲ್ಲಿ ಅರಿಯುವಿರಿ. ತಂದೆತಾಯಿಗಳಿಗೆ ತಿಳಿಯದಿದ್ದರೆ ನೀವೇ ತಿಳಿಸಿಕೊಡಿರಿ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗದಿರಬಹುದು. ಆದರೆ ಹುಣಸೂರಿನಾಚೆಯ ಕಾಡುದಾರಿಯಲ್ಲೋ ಪಿರಿಯಾಪಟ್ಟಣದ ಹೆದ್ದಾರಿಯಲ್ಲೋ ನಿಂತುಹೋದ ಒಂದು ಕಾರಿನೊಳಗಿನ ನಾಲ್ಕು ಜೀವಗಳಿಗೆ ನಿಮ್ಮ ಈ ಅರ್ಧಗಂಟೆಯ ಓದು ಆಸರೆಯಾದರೆ, ಅದಕ್ಕಿಂತ ದೊಡ್ಡ ಅಂಕ ಬೇರೇನಿದೆ?